ಏಳನೆಯ ಪುಷ್ಪಚಕ್ರ

ನಮ್ಮ ಮಾವನವರು ಇನ್ನೂ ಬದುಕಿದ್ದಾರೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಅರಸೀಕೆರೆಯ ರುದ್ರಭೂಮಿಯಲ್ಲಿ ಅವರ ಸಮಾಧಿ ನೋಡಿದವರು ನನ್ನನ್ನು ಬಸ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿ, "ಹೇಳಲೇ ಇಲ್ಲವಲ್ಲ ಸಾರ್, ಯಾವಾಗ ಹೋದ್ರು?" ಎಂದು ಕೇಳುತ್ತಾರೆ. ಎಲ್ಲಿಗೂ ಹೋಗಿಲ್ಲ, ಮನೆಯಲ್ಲಿ ಕೂತು ನನ್ನ ಪೇಪರ್ ಓದುತ್ತಿದ್ದಾರೆ ಎಂದರೆ ಅವರು ನನ್ನನ್ನು ಅನುಮಾನದಿಂದ ನೋಡುತ್ತಾರೆ.

ಆದದ್ದು ಇಷ್ಟೇ. ನಾಲ್ಕು ವರ್ಷದ ಹಿಂದೆ ಅತ್ತೆ ತೀರಿಕೊಂಡರು. ನಮ್ಮಲ್ಲಿ ಹೂಳುವ ಪದ್ಧತಿ. ಸಮಾಧಿ ಕಟ್ಟಲು ಗಾರೆಯವನು ಬಂದಾಗ ಮಾವ, "ಒಂದೇ ಸಲಕ್ಕೆ ಎರಡೂ ಕಟ್ಬಿಡಪ್ಪ. ಇನ್ನೊಂದ್ ಸಲ ಯಾರು ಮರಳು ಹೊಡಿಸ್ತಾರೆ?" ಎಂದರು. ಗಾರೆಯವನು ಕಟ್ಟಿಯೇಬಿಟ್ಟ. ಪಕ್ಕಪಕ್ಕದಲ್ಲಿ ಎರಡು ಕಟ್ಟೆ. ಒಂದರ ಕಲ್ಲಿನಲ್ಲಿ ಅತ್ತೆಯ ಹೆಸರು. ಇನ್ನೊಂದರಲ್ಲಿ 'ನಿವೃತ್ತ ಸುಬೇದಾರ್' ಎಂದು ದಪ್ಪಕ್ಷರದಲ್ಲಿ ಬರೆದು, ಕೆಳಗೆ ಮಾವನ ಹೆಸರು, ಹುಟ್ಟಿದ ದಿನ, ಒಂದು ಗೆರೆ, ಆಮೇಲೆ ಖಾಲಿ ಜಾಗ. ನನ್ನ ಹೆಂಡತಿ ಅದನ್ನು ನೋಡಿ ಎರಡು ದಿನ ಅತ್ತಳು. ಮಾವ ಮಾತ್ರ ಪ್ರತಿ ಸೋಮವಾರ ತೆಂಗಿನ ನಾರು ಹಿಡಿದು ಹೋಗಿ ಎರಡನ್ನೂ ಉಜ್ಜಿ ತೊಳೆದು ಬರುತ್ತಾರೆ.

ಕಳೆದ ಡಿಸೆಂಬರಿನಲ್ಲಿ ಊರಿನ ಮಾಜಿ ಸೈನಿಕರ ಸಂಘದವರೆಲ್ಲ ನಮ್ಮ ಮನೆಯ ಜಗಲಿಯಲ್ಲಿ ಸೇರಿದರು. ಆ ರುದ್ರಭೂಮಿಯಲ್ಲಿ ಮಣ್ಣಾಗಿರುವ ಆರು ಮಂದಿ ಸೈನಿಕರ ಸಮಾಧಿಗೆ ಪುಷ್ಪಚಕ್ರ ಇಡಬೇಕು, ಹಾಸನದಿಂದ ಒಬ್ಬ ನಿವೃತ್ತ ಕರ್ನಲ್ ಸಾಹೇಬರನ್ನು ಕರೆಸಬೇಕು ಎಂದು ತೀರ್ಮಾನವಾಯಿತು. ಎಲ್ಲ ಮುಗಿದು ಕಾಫಿ ಬಂದಾಗ ಮಾವ ಗಂಟಲು ಸರಿಮಾಡಿಕೊಂಡರು.

"ನಮ್ಮನೆಯವಳಿಗೂ ಒಂದು ಇಡಾನ."

ಸಂಘದ ಅಧ್ಯಕ್ಷರು ನಿವೃತ್ತ ಹವಾಲ್ದಾರರು, ಮಾವನಿಗಿಂತ ಹತ್ತು ವರ್ಷ ಚಿಕ್ಕವರು. ಲೋಟ ಕೆಳಗಿಟ್ಟು, "ಸಾರ್, ರೂಲ್ಸ್ ಅಂತ ಒಂದೈತೆ. ಅಮ್ಮಾವ್ರು ಸೈನ್ಯದಲ್ಲಿ ಇರ್ಲಿಲ್ವಲ್ಲ" ಎಂದರು.

"ನಂಗೆ ವರ್ಷಕ್ಕೆ ಎರಡು ತಿಂಗಳಾದ್ರೂ ರಜೆ ಕೊಡೋರು. ತೋಟ, ಮನೆ, ಮೂರು ಮಕ್ಕಳು, ಅವಳಿಗೆ ಯಾವ ಸರ್ಕಾರ ರಜೆ ಕೊಡ್ತು?"

ಒಬ್ಬಿಬ್ಬರು ಹೌದೆಂದು ತಲೆಯಾಡಿಸಿದರು. ಆದರೆ ರೂಲ್ಸ್ ಅಲ್ಲಾಡಲಿಲ್ಲ. ಅಂದು ರಾತ್ರಿ ಎರಡು ಮುದ್ದೆ ಉಣ್ಣುವ ಮಾವ ಒಂದಕ್ಕೇ ಕೈ ತೊಳೆದರು. ಬೆಳಿಗ್ಗೆ ಎದ್ದವರೇ ನನ್ನ ಕೋಣೆಯ ಬಾಗಿಲಲ್ಲಿ ನಿಂತು, "ಅಳಿಯಂದಿರೇ, ಹೂವಿನ ಡ್ಯೂಟಿ ನಿಮ್ದು" ಎಂದು ಹುಕುಂ ಮಾಡಿದರು. ಹೈಸ್ಕೂಲಿನಲ್ಲಿ ಗಣಿತ ಹೇಳುವ ನನಗೂ ಹೂವಿಗೂ ಏನು ಸಂಬಂಧ? ಕೇಳುವ ಧೈರ್ಯವಾಗಲಿಲ್ಲ.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅದನ್ನು ಪರೀಕ್ಷೆ ಮಾಡುವುದಕ್ಕೆಂದೇ ದೇವರು ನಮ್ಮ ಮಾರ್ಕೆಟ್ಟಿನ ಹೂವಿನಂಗಡಿಯವನನ್ನು ಸೃಷ್ಟಿಸಿದ್ದಾನೆ. ಬಿದಿರಿನ ಬಳೆ ಮಾಡಿಸಿ ಅದರ ಸುತ್ತ ಸೇವಂತಿಗೆ, ಚೆಂಡುಹೂವು ಕಟ್ಟು ಎಂದು ಚಿತ್ರ ಬರೆದು ತೋರಿಸಿದೆ. ಅವನು ಚಿತ್ರವನ್ನು ಅತ್ತ ತಿರುಗಿಸಿ ಇತ್ತ ತಿರುಗಿಸಿ ನೋಡಿದ.

"ಮಧ್ಯೆ ಯಾಕೆ ಸಾರ್ ತೂತು?"

"ಅದು ಹಾಗೇ ಇರೋದು."

"ಹೂವು ಕಮ್ಮಿ ಹಾಕವ್ನೆ ಅಂತಾರೆ ಸಾರ್ ಜನ. ನನ್ ಹೆಸರು ಕೆಡ್ತದೆ. ತುಂಬ್ಕೊಡ್ತೀನಿ ಬಿಡಿ."

ತೂತಿನ ಬಗ್ಗೆ ಅರ್ಧ ಗಂಟೆ ಜಗಳವಾಡಿ ಗೆದ್ದೆ. ಆದರೆ ಸಮಾರಂಭದ ಬೆಳಿಗ್ಗೆ ಹೋಗಿ ನೋಡಿದರೆ ಪ್ರತಿಯೊಂದರ ಸುತ್ತಲೂ ಥಳಥಳ ಹೊಳೆಯುವ ಬಂಗಾರದ ಜರಿ. ಮದುವೆ ಕಾರಿಗೆ ಸುತ್ತುವ ಜರಿಯೇ ಅದು. ಸಾಲದ್ದಕ್ಕೆ ಆರರ ಜಾಗದಲ್ಲಿ ಏಳು ಕೂತಿದ್ದವು.

"ನಾನು ಹೇಳಿದ್ದು ಆರು ಕಣಯ್ಯ!"

"ಸಮಸಂಖ್ಯೇಲಿ ಕೊಡಕಾಗಲ್ಲ ಸಾರ್, ಬೆಸ ಇರ್ಬೇಕು. ಇನ್ನೊಂದು ನನ್ ಕಡೆಯಿಂದ ಇರ್ಲಿ."

ಗಣಿತದ ಮೇಷ್ಟರಿಗೆ ಸಮ-ಬೆಸ ಹೇಳಿಕೊಡಲು ಬಂದ! ಬೈಯಲು ಹೊತ್ತಿರಲಿಲ್ಲ. ಸ್ಕೂಟರಿನ ಮುಂದೆ ಮೂರು, ಹಿಂದೆ ಎರಡು ಕಟ್ಟಿದೆ. ಉಳಿದೆರಡಕ್ಕೆ ಜಾಗವೇ ಇರಲಿಲ್ಲ. ಬೇರೆ ದಾರಿ ಕಾಣದೆ ಕೊರಳಿಗೇ ಹಾಕಿಕೊಂಡೆ. ಸ್ಟೇಷನ್ ರಸ್ತೆಯಲ್ಲಿ ಹಾಗೆ ಹೋಗುತ್ತಿದ್ದರೆ ಕೊಬ್ಬರಿ ಮಂಡಿಯ ಮುಂದೆ ನಿಂತಿದ್ದವರೊಬ್ಬರು ಕೈಮುಗಿದು, "ಯಾವ ಎಲೆಕ್ಷನ್ ಗೆದ್ರಿ ಸಾರ್?" ಎಂದು ಕೂಗಿದರು. ನನ್ನ ವಿದ್ಯಾರ್ಥಿಗಳಿಬ್ಬರು ಸೈಕಲ್ಲಿನಲ್ಲಿ ಹಿಂದೆ ಬಿದ್ದು ಜೈಕಾರ ಹಾಕಿದರು. ಅವರ ಮುಖ ನೆನಪಿಟ್ಟುಕೊಂಡಿದ್ದೇನೆ.

ರುದ್ರಭೂಮಿಯಲ್ಲಿ ಮಾವ ಕೋಟು, ಟೋಪಿ, ಎದೆಯ ತುಂಬ ಪದಕ ಧರಿಸಿ ಸೆಟೆದು ನಿಂತಿದ್ದರು. ಜರಿ ಕಂಡದ್ದೇ ಕಣ್ಣು ಕೆಂಪಾಯಿತು.

"ಏನ್ರೀ ಇದು? ಸೈನಿಕನ ಸಮಾಧಿಗೋ, ಬೀಗರ ಕಾರಿಗೋ? ಕಿತ್ತಾಕಿ!"

ನಾನೂ ಅಧ್ಯಕ್ಷರೂ ಬೇವಿನ ಮರದಡಿ ಕುಕ್ಕರಗಾಲಿನಲ್ಲಿ ಕೂತು, ಕೋಳಿಯ ಪುಕ್ಕ ತರಿಯುವವರಂತೆ ಜರಿ ಕಿತ್ತೆವು. ಆರು ಮುಗಿಯುವಷ್ಟರಲ್ಲಿ ಕರ್ನಲ್ ಸಾಹೇಬರ ಕಾರು ಬಂತು. ಹೆಚ್ಚುವರಿಯಾದ ಏಳನೆಯದನ್ನು ಯಾರೂ ಕೇಳಲಿಲ್ಲ. ನಾನು ಅದನ್ನು ಜರಿಯ ಸಮೇತ ಮರದ ಹಿಂದೆ ಬಚ್ಚಿಟ್ಟೆ. ಎಲ್ಲರೂ ಹೋದ ಮೇಲೆ ಅತ್ತೆಯ ಸಮಾಧಿಯ ಮೇಲಿಟ್ಟುಬಿಡೋಣ ಎಂಬುದು ನನ್ನ ಗುಟ್ಟಿನ ಯೋಚನೆ. ಮಾವನಿಗೂ ಹೇಳಲಿಲ್ಲ. ನನಗೆ ಅತ್ತೆಯೆಂದರೆ ತುಂಬ ಪ್ರೀತಿಯಿತ್ತು. ನಾನು ರೇಗಿದಾಗಲೆಲ್ಲ ಮುಂದೆ ತಟ್ಟೆಯಿಟ್ಟು, "ಮೊದ್ಲು ಉಣ್ಣಿ, ಆಮೇಲೆ ಬೈಯೋರಂತೆ" ಎನ್ನುತ್ತಿದ್ದರು. ಉಂಡ ಮೇಲೆ ಯಾರನ್ನು ಬೈಯಬೇಕೆಂದಿದ್ದೆ ಎಂಬುದೇ ಮರೆತುಹೋಗುತ್ತಿತ್ತು.

ಸಮಾರಂಭ ಚೆನ್ನಾಗಿಯೇ ನಡೆಯಿತು. ತುತ್ತೂರಿಗೆಂದು ಕರೆಸಿದ್ದ ಮದುವೆ ಬ್ಯಾಂಡಿನವನು ಅಭ್ಯಾಸಬಲದಿಂದ ವರ ಕಾರಿನಿಂದಿಳಿಯುವಾಗ ಊದುವುದನ್ನೇ ಶುರುಮಾಡಿದ್ದು ಬಿಟ್ಟರೆ ಬೇರೆ ತೊಂದರೆಯಾಗಲಿಲ್ಲ. ಕರ್ನಲ್ ಸಾಹೇಬರು ಚುರುಕು ನಡಿಗೆಯವರು. ಒಂದೊಂದೇ ಸಮಾಧಿಗೆ ಪುಷ್ಪಚಕ್ರವಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು ಸೆಲ್ಯೂಟ್ ಹೊಡೆಯುತ್ತ ಆರನ್ನೂ ಮುಗಿಸಿದರು.

ಅದೇ ಹೊತ್ತಿಗೆ ನನ್ನ ಕಣ್ಣಿಗೆ ಮೇಕೆ ಬಿತ್ತು. ಅದು ಬೇವಿನ ಮರದ ಹಿಂದೆ ಹೋಗಿ ಏಳನೆಯ ಪುಷ್ಪಚಕ್ರದ ಸೇವಂತಿಗೆಯ ರುಚಿ ನೋಡುತ್ತಿತ್ತು. ನಾನು ಓಡಿಹೋಗಿ ಒಂದು ಕಡೆ ಹಿಡಿದೆ, ಮೇಕೆ ಇನ್ನೊಂದು ಕಡೆ ಹಿಡಿದಿತ್ತು. ಎಳೆದಾಡಿ ಬಿಡಿಸಿಕೊಂಡು, ಏದುಸಿರು ಬಿಡುತ್ತ ತಿರುಗಿದರೆ ಎದುರಿಗೇ ಕರ್ನಲ್ ಸಾಹೇಬರು. ಎಳೆದಾಟದಲ್ಲಿ ನಾನು ಬಂದು ನಿಂತಿದ್ದದ್ದು ಮಾವನ ಖಾಲಿ ಸಮಾಧಿಯ ಪಕ್ಕದಲ್ಲಿ. ಸಾಹೇಬರು ನನ್ನ ಕೈಯಲ್ಲಿದ್ದುದನ್ನು ನೋಡಿದರು, ಕಲ್ಲಿನ ಮೇಲಿನ 'ನಿವೃತ್ತ ಸುಬೇದಾರ್' ನೋಡಿದರು, ಒಂದು ಉಳಿದುಹೋಗಿದೆ ಎಂದುಕೊಂಡರು. ನಾನು ಬಾಯಿ ತೆರೆಯುವುದರೊಳಗೆ ಪುಷ್ಪಚಕ್ರ ತೆಗೆದುಕೊಂಡು, ಗಂಭೀರವಾಗಿ ಕಟ್ಟೆಯ ಮೇಲಿಟ್ಟು, ಸೆಲ್ಯೂಟ್ ಹೊಡೆದರು.

ಅವರ ಹಿಂದೆಯೇ ನಿಂತಿದ್ದ ಮಾವನೂ ತಮ್ಮ ಸಮಾಧಿಗೆ ತಾವೇ ಸೆಲ್ಯೂಟ್ ಹೊಡೆದರು.

ಅಧ್ಯಕ್ಷರು ಎದ್ದೂ ಬಿದ್ದೂ ಓಡಿ ಬಂದರು. "ಸಾರ್, ಸಾರ್, ಅವ್ರು ಇಲ್ಲೇ ಅವ್ರೆ!"

"ಯಾರು?"

"ಒಳಗಿರ್ಬೇಕಾದೋರು!"

ಸಾಹೇಬರು ಕಲ್ಲಿನ ಮೇಲಿದ್ದ ಹೆಸರು ಓದಿದರು. ಹಿಂದೆ ತಿರುಗಿ ಮಾವನ ಕೋಟಿನ ಮೇಲಿದ್ದ ಹೆಸರು ಓದಿದರು. ಪಾಪ, ಬೆವರಿಬಿಟ್ಟರು. ಅತ್ತ ಹೆಂಗಸರ ಗುಂಪಿನಿಂದ ನನ್ನ ಹೆಂಡತಿ, "ಅಯ್ಯೋ ಅಪ್ಪಾ! ಮೊದ್ಲು ಅದನ್ನ ತೆಗೀರಿ ಯಾರಾದ್ರೂ! ಬದುಕಿರೋರ ಮೇಲೆ ಇಡ್ತಾರೇನ್ರೀ?" ಎಂದು ಕಿರುಚುತ್ತ ಬಂದಳು. ಬಂದವಳು ನನ್ನನ್ನು ನೋಡಿದ ನೋಟ ಇವತ್ತಿಗೂ ಮರೆತಿಲ್ಲ. ಅಧ್ಯಕ್ಷರು ಪುಷ್ಪಚಕ್ರಕ್ಕೆ ಕೈಹಾಕಿದರು.

"ಮುಟ್ಬೇಡ" ಎಂದರು ಮಾವ.

ಅಧ್ಯಕ್ಷರು ಕೈ ಹಿಂದಕ್ಕೆ ತೆಗೆದುಕೊಂಡರು.

"ಇದು ಯಾರಿಗೆ ಬಂದಿದ್ದು?"

"ನಿಮಗೇ ಸಾರ್. ಏನೋ ತಪ್ಪಾಗಿ..."

"ತಪ್ಪೋ ಒಪ್ಪೋ, ಕರ್ನಲ್ ಸಾಹೇಬ್ರು ಕೈಯಾರೆ ಇಟ್ಟವ್ರೆ. ಅಂದ್ಮೇಲೆ ನಂದು ತಾನೆ?"

"ನಿಮ್ದೇ ಸಾರ್."

"ರೂಲ್ಸ್ ಪ್ರಕಾರ?"

ಅಧ್ಯಕ್ಷರು ಕರ್ನಲ್ ಸಾಹೇಬರ ಕಡೆ ನೋಡಿದರು. "ರೂಲ್ಸ್ ಪ್ರಕಾರ."

ಮಾವ ಮಂಡಿಯ ನೋವಿಗೆ ನರಳುತ್ತ ಬಗ್ಗಿದರು. ಪುಷ್ಪಚಕ್ರವನ್ನು ಎರಡು ಕೈಯಲ್ಲಿ ಎತ್ತಿ, ಪಕ್ಕಕ್ಕೆ ಒಂದೇ ಒಂದು ಹೆಜ್ಜೆ ಸರಿದು, ಅತ್ತೆಯ ಸಮಾಧಿಯ ಮೇಲಿಟ್ಟರು. ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದರು. ಕರ್ನಲ್ ಸಾಹೇಬರಿಗೆ ಏನು ಅರ್ಥವಾಯಿತೋ ಕಾಣೆ, ಅವರೂ ಹೊಡೆದರು. ಆಮೇಲೆ ಅಧ್ಯಕ್ಷರೂ ಹೊಡೆದರು. ಗಾಬರಿಯಲ್ಲಿ ನಾನೂ ಹೊಡೆದೆ, ಎಡಗೈಯಲ್ಲಿ.

ಬಿಸಿಲಿಗೆ ಜರಿ ಕಣ್ಣಿಗೆ ಹೊಡೆಯುವಂತೆ ಮಿನುಗುತ್ತಿತ್ತು. ಮಾವ ರೇಗುವ ಮೊದಲೇ ಕಿತ್ತುಬಿಡೋಣ ಎಂದು ನಾನು ಬಗ್ಗಿದೆ. ಅವರು ನನ್ನ ಕೈ ಹಿಡಿದುಕೊಂಡರು.

"ಇರ್ಲಿ ಬಿಡಿ ಅಳಿಯಂದಿರೇ. ಜರಿ ಅಂದ್ರೆ ಅವಳಿಗೆ ಪ್ರಾಣ. ಮುಂದಿನ ರಜೆಗೆ ಬರುವಾಗ ಜರಿ ಸೀರೆ ತತ್ತೀನಿ ಅಂತ ಪ್ರತಿ ಸಲ ಹೇಳಿ ಹೋಗ್ತಿದ್ದೆ. ಪ್ರತಿ ಸಲ ಮಿಲಿಟರಿ ಕ್ಯಾಂಟೀನಿಂದ ಕಂಬಳಿ ತತ್ತಿದ್ದೆ."

ನನಗೆ ನಗುವೂ ಬಂತು, ಅಳುವೂ ಬಂತು. ಮನೆಯ ಅಟ್ಟದ ಮೇಲೆ ಆ ಕಂಬಳಿಗಳು ಇವತ್ತಿಗೂ ರಾಶಿ ಬಿದ್ದಿವೆ. ನನ್ನ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು, "ನಡೀರಿ ಅಪ್ಪ, ಮನೆಗೆ ಹೋಗಿ ಸ್ನಾನ ಮಾಡಿ" ಎಂದಳು.

ಅಷ್ಟರಲ್ಲಿ ಆ ಮೇಕೆ ಮತ್ತೆ ಬಂತು. ಬಾಯಲ್ಲಿ ಇನ್ನೂ ಒಂದೆಳೆ ಜರಿ ನೇತಾಡುತ್ತಿತ್ತು. ಮಾವ ಅದನ್ನು ನೋಡಿದರು. ಟೋಪಿ ಸರಿಮಾಡಿಕೊಂಡು, ಕೆಳಗೆ ಬಿದ್ದಿದ್ದ ಒಂದು ಬೇವಿನ ಕಡ್ಡಿ ಎತ್ತಿಕೊಂಡು, ತಮ್ಮ ಸಮಾಧಿಯ ಮೇಲೆ ಆರಾಮಾಗಿ ಕೂತರು.

"ನೀವೆಲ್ಲ ಹೊರಡಿ. ನಾನು ಇವತ್ತು ಇವಳ ಕಾವಲಿಗಿದ್ದು ಬತ್ತೀನಿ."