ನೆಲಕ್ಕೆ ಬಡಿದ ಗಂಗಾಳ

ನನ್ನ ಮಗಳು ಹುಟ್ಟಿದ ಹೊಸದರಲ್ಲಿ ವಠಾರದ ಹೆಂಗಸರಿಗೆಲ್ಲ ನನ್ನ ಮೇಲೆ ಹೊಟ್ಟೆಕಿಚ್ಚು. ಹೆಬ್ಬಗೋಡಿಯಲ್ಲಿ ಸಾಲಾಗಿ ಕಟ್ಟಿದ ಶೀಟಿನ ಮನೆಗಳಲ್ಲಿ ನಮ್ಮದು ಕೊನೆಯದು. ಅದರ ಗೋಡೆಗೆ ಒತ್ತಿಕೊಂಡೇ ಗೇಟು, ಗ್ರಿಲ್ ಮಾಡುವ ವೆಲ್ಡಿಂಗ್ ಶೆಡ್ಡು. ಬೆಳಗಾಯಿತೆಂದರೆ ಕಬ್ಬಿಣ ಕೊಯ್ಯುವ ಕಿರುಚಾಟ ಶುರು. ಬೇರೆ ಮನೆಗಳ ಕೂಸುಗಳು ಬೆಚ್ಚಿಬಿದ್ದು ಅಳುತ್ತಿದ್ದರೆ ನನ್ನ ಮಗಳು ಹಾಯಾಗಿ ನಿದ್ದೆ ಹೊಡೆಯುತ್ತಿದ್ದಳು. "ಪುಣ್ಯ ಮಾಡಿದ್ದೆ ಕಣಕ್ಕಾ, ಎಂಥ ಸಮಾಧಾನದ ಮಗು ನಿಂದು" ಅನ್ನುತ್ತಿದ್ದರು. ನಾನೂ ಬೀಗುತ್ತಿದ್ದೆ. ದೃಷ್ಟಿಯಾದೀತೆಂದು ಸಂಜೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಹಾಕುತ್ತಿದ್ದೆ. ಥೂ, ಅದನ್ನೆಲ್ಲ ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ನಾವು ಬಾಗಲಕೋಟೆ ಕಡೆಯವರು. ಹೊಸೂರು ರಸ್ತೆಯ ಉದ್ದಕ್ಕೂ ಮೇಲ್ಸೇತುವೆಗೆ ಕಂಬ ಎಬ್ಬಿಸುತ್ತಿದ್ದ ಕಾಲ ಅದು. ಗಂಡ ಬೊಮ್ಮಸಂದ್ರದ ಫ್ಯಾಕ್ಟರಿಯಲ್ಲಿ ಮಷಿನ್ ನಡೆಸುತ್ತಿದ್ದರು. ನಾನು ಅಲ್ಲೇ ಒಂದು ಔಷಧಿ ಕಂಪನಿಗೆ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಿದ್ದೆ. ಬಸುರಿ ಅಂತ ಗೊತ್ತಾದದ್ದೇ ತಡ, ಊರಿಂದ ಅತ್ತೆ ಗಂಟುಮೂಟೆ ಕಟ್ಟಿಕೊಂಡು ಬಂದಿಳಿದರು. ತಾಯಿ ಇಲ್ಲದವಳು ನಾನು. ವಾಂತಿ ಮಾಡಿಕೊಂಡರೆ ಬೆನ್ನು ತಿಕ್ಕಿ, ಬಾಯಿಗೆ ರುಚಿಯಾಗಲೆಂದು ಹುಣಸೆಹಣ್ಣಿನ ಗೊಜ್ಜು ಮಾಡಿ ಉಣ್ಣಿಸಿದ ಜೀವ ಅದು.

ಎರಡು ತಿಂಗಳು ತುಂಬಿತ್ತೋ ಇಲ್ಲವೋ, ಮೈ ಬೆಚ್ಚಗಾಯಿತು. ಮುಖದ ಮೇಲೆ, ಆಮೇಲೆ ಹೊಟ್ಟೆ ಬೆನ್ನಿನ ಮೇಲೆ ಸಣ್ಣ ಸಣ್ಣ ಕೆಂಪು ಗುಳ್ಳೆ. ಕಿವಿ ಹಿಂದೆ ಗಂಟು. ಪಕ್ಕದ ಮನೆಯ ಮಗುವಿಗೂ ಆ ವಾರವೇ ಹಾಗೆ ಆಗಿತ್ತು. ಅತ್ತೆ ನೋಡಿದವರೇ ಗಲ್ಲ ಗಲ್ಲ ಬಡಿದುಕೊಂಡರು.

"ಅಮ್ಮ ಬಂದಾಳ ಬೇ ಮನಿಗೆ! ಗುಳಿಗಿ, ಸೂಜಿ ಅಂತ ಬಾಯಿ ತೆಗದೀ ಮತ್ತ!"

"ಅತ್ತಿ, ಹೊಟ್ಟ್ಯಾಗ ಕೂಸೈತಿ. ಒಮ್ಮೆ ಡಾಕ್ಟರಿಗೆ ತೋರಿಸಿದ್ರ ಏನಾಕ್ಕೈತಿ?"

"ಡಾಕ್ಟರ್ ಮುಟ್ಟಿದ್ರ ದೇವಿ ಸಿಟ್ಟಿಗೆ ಏಳ್ತಾಳ. ಸುಮ್ನ ಮಲ್ಕೊ."

ಗಂಡ ಅವ್ವನ ಮಾತಿಗೆ ಎದುರಾಡುವವರಲ್ಲ. ಮನೆಯಲ್ಲಿ ಒಗ್ಗರಣೆ ನಿಂತಿತು. ಹಾಸಿಗೆಗೆ ಬೇವಿನ ಸೊಪ್ಪು ಬಂತು. ಮೂರೇ ದಿನಕ್ಕೆ ಗುಳ್ಳೆ ಮಾಯ. ಬೇವಿನ ನೀರಲ್ಲಿ ತಲೆಗೆ ಎರೆದು, ಮೊಸರನ್ನದ ಎಡೆ ಇಟ್ಟು ದೇವಿಯನ್ನು ಕಳಿಸಿಕೊಟ್ಟೆವು. ಹಗುರಾಗಿ ಬಂದು ಹೋದಳು, ದೊಡ್ಡ ಮನಸ್ಸಿನವಳು ಅಂತ ಅತ್ತೆ ಕೈ ಮುಗಿದರು, ನಾನೂ ಮುಗಿದೆ.

ಮಗಳು ಗುಂಡುಗುಂಡಾಗಿ ಹುಟ್ಟಿದಳು. ಅಕ್ಕಪಕ್ಕದ ಕೂಸುಗಳು ತತ್ತತ್ತಾ, ಬಬ್ಬಬ್ಬಾ ಅನ್ನುವ ಹೊತ್ತಿಗೆ ಇವಳು ಬರೀ ನಗುವುದು, ಅಳುವುದು. ಬೆನ್ನ ಹಿಂದಿನಿಂದ ಕರೆದರೆ ತಿರುಗುತ್ತಿರಲಿಲ್ಲ. ಗಂಡನಿಗೆ ಹೇಳಿದರೆ "ನಾನೂ ಮೂರು ವರ್ಷಕ್ಕ ಮಾತಾಡಿದ್ದು. ನಮ್ಮ ವಂಶಾನ ಹಂಗ" ಅಂತ ನಕ್ಕುಬಿಟ್ಟರು. ಅತ್ತೆ ಮಾತ್ರ ನಗಲಿಲ್ಲ. ಚಾಪೆಯ ಮೇಲೆ ಕೂಸನ್ನು ಕೂರಿಸಿದರು, ಸದ್ದಿಲ್ಲದೆ ಹಿಂದೆ ಹೋದರು, ಉಣ್ಣುವ ಗಂಗಾಳವನ್ನು ನೆಲಕ್ಕೆ ದಢಾರನೆ ಬಡಿದರು. ಕೂಸು ಗಕ್ಕನೆ ತಿರುಗಿತು!

"ನೋಡಿದೇನ? ಮುತ್ತಿನಂಥ ಕಿವಿ ಅದಾವ ನನ್ನ ಮೊಮ್ಮಗಳಿಗೆ!"

ನನಗೆ ಹೋದ ಜೀವ ಬಂದಂತಾಯಿತು. ಊರ ಕಡೆ ಎಲ್ಲರೂ ಕೂಸಿನ ಕಿವಿ ನೋಡುವುದು ಹಾಗೇ. ಅಲ್ಲಿಂದ ಮುಂದೆ ನನಗೆ ಅನುಮಾನ ಬಂದಾಗಲೆಲ್ಲ ಅತ್ತೆ ಗಂಗಾಳ ಹಿಡಿಯುತ್ತಿದ್ದರು, ಕೂಸು ತಿರುಗುತ್ತಿತ್ತು, ನಾನು ಬಾಯಿ ಮುಚ್ಚಿಕೊಳ್ಳುತ್ತಿದ್ದೆ. ತಿಂಗಳುಗಟ್ಟಲೆ ಹೀಗೇ ನಡೆಯಿತು.

ಒಂದು ಭಾನುವಾರ ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಾಗಿಲಲ್ಲಿ ನಿಂತಿದ್ದೆ. ಒಳಗೆ ಪಾತ್ರೆ ಇಡುವ ಹಲಗೆಯೇ ಕಿತ್ತು ಬಂದು ಬಿಂದಿಗೆ, ಬೋಗುಣಿ ಎಲ್ಲ ಒಟ್ಟಿಗೇ ಉರುಳಿದವು. ನಾನು ಹೌಹಾರಿದೆ. ಆಚೆ ಮನೆಯ ನಾಯಿ ಬೊಗಳಿತು. ಸೊಂಟದ ಮೇಲಿದ್ದವಳು ನನ್ನ ಮುಖ ನೋಡಿ ಗಾಬರಿಯಾದಳೇ ಹೊರತು ಸದ್ದು ಬಂದ ಕಡೆ ಕತ್ತು ತಿರುಗಿಸಲಿಲ್ಲ.

ನಾನೇ ಗಂಗಾಳ ತಂದೆ. ಗಂಡನ ತೊಡೆಯ ಮೇಲೆ ಮಗಳನ್ನು ಕೂರಿಸಿ, ಹಿಂದಿನಿಂದ ಗಂಗಾಳವನ್ನು ಗಾಳಿಯಲ್ಲೇ ಎತ್ತಿ ಹಿಡಿದು ಸೌಟಿನಿಂದ ಬಡಿದೆ. ಏನೂ ಇಲ್ಲ. ಇನ್ನೂ ಜೋರಾಗಿ ಬಡಿದೆ. ಇಲ್ಲ. ಚಾಪೆಯ ಮೇಲೆ ಕೂರಿಸಿ ನೆಲಕ್ಕೆ ಬಡಿದೆ. ತಿರುಗಿದಳು. ಮತ್ತೆ ತೊಡೆ, ಮತ್ತೆ ನೆಲ. ಅಯ್ಯೋ ದೇವರೇ, ನೆಲ ಅದುರಿದ್ದು ಅವಳ ಕುಂಡೆಗೆ ತಿಳಿಯುತ್ತಿತ್ತು. ಕಿವಿಗಲ್ಲ. ಗಂಡನ ಮುಖ ಬಿಳಿಚಿಕೊಂಡಿತು. ಅತ್ತೆ ನನ್ನ ಕೈಯಿಂದ ಗಂಗಾಳ ಕಿತ್ತುಕೊಂಡು "ಸಾಕು ಬಿಡ ಬೇ, ಕೂಸು ಅಂಜತೈತಿ" ಅಂದರು. ಅಂಜಿದ್ದು ಯಾರು ಅಂತ ನನಗೆ ಗೊತ್ತಿತ್ತು.

ಪರೀಕ್ಷೆಗೆ ನಗರದ ದೊಡ್ಡಾಸ್ಪತ್ರೆಗೆ ಹೋಗಬೇಕಾಯಿತು. ಗಂಡನಿಗೆ ರಜೆ ಸಿಗಲಿಲ್ಲ, ಅತ್ತೆ ಜೊತೆಗೆ ಬಂದರು. ನಿದ್ದೆಯ ಸಿರಪ್ ಕುಡಿಸಿ, ತಲೆಗೆ ತಂತಿ ಅಂಟಿಸಿ, ಕಿವಿಗೆ ಸದ್ದು ಬಿಟ್ಟು ಮಿದುಳಿಗೆ ಮುಟ್ಟುತ್ತದೋ ಇಲ್ಲವೋ ಅಂತ ನೋಡುತ್ತಾರೆ. ಸಿರಪ್ ಕುಡಿದರೂ ಮಗಳು ಮಲಗಲೊಲ್ಲಳು. ಆ ಕತ್ತಲು ಕೋಣೆಯಲ್ಲಿ ಅವಳನ್ನು ತಟ್ಟುತ್ತಾ ಎಂದಿನಂತೆ ಜೋಗುಳ ಹಾಡಲು ಶುರು ಮಾಡಿ, ನಡುವೆಯೇ ನಿಲ್ಲಿಸಿದೆ. ಯಾರಿಗೆ ಹಾಡುತ್ತಿದ್ದೇನೆ? ಇಷ್ಟು ತಿಂಗಳೂ ಯಾರಿಗೆ ಹಾಡಿದೆ? ಆದರೂ ಬಿಡಲಿಲ್ಲ, ಹಾಡಿದೆ. ಕೇಳಿಸಲಿ ತಾಯಿ, ಒಂದು ಕಿವಿಯಾದರೂ ಕೇಳಿಸಲಿ ಅಂತ ಒಳಗೊಳಗೇ ಹಲುಬಿದೆ. ಬೇಕಿದ್ದರೆ ನನ್ನದು ಕಿತ್ತುಕೋ.

"ಎರಡೂ ಕಿವೀಲೂ ಇಲ್ಲಮ್ಮ. ಎಷ್ಟು ಜೋರು ಸದ್ದು ಬಿಟ್ಟರೂ ಏನೂ ಬರ್ತಿಲ್ಲ" ಅಂದರು ಡಾಕ್ಟರಮ್ಮ. ಆಮೇಲೆ ಕೇಳಿದರು, "ಬಸುರಿ ಇದ್ದಾಗ ಜ್ವರ, ಮೈಮೇಲೆ ಕೆಂಪು ಗುಳ್ಳೆ ಏನಾದ್ರೂ ಬಂದಿತ್ತಾ?"

ಅತ್ತೆ ನೆಲ ನೋಡಿದರು. ನಾನು ಎಲ್ಲಾ ಹೇಳಿದೆ. ಅದು ರುಬೆಲ್ಲಾ ಇರಬಹುದು, ಮೊದಲ ತಿಂಗಳುಗಳಲ್ಲಿ ಬಂದರೆ ಹೊಟ್ಟೆಯಲ್ಲಿರುವ ಮಗುವಿನ ಕಿವಿಗೆ ಏಟು ಬೀಳುತ್ತದೆ ಅಂದರು. ನನಗೆ ಮೈಯೆಲ್ಲ ಬೆಂಕಿ ಬಿದ್ದಹಾಗಾಯಿತು. ಅತ್ತೆಯ ಕಡೆ ಕೈ ತೋರಿಸಿ ಕೇಳಿದೆ, "ಆವತ್ತೇ ನಿಮ್ಮ ಹತ್ರ ಬಂದಿದ್ರೆ ಉಳೀತಿತ್ತಲ್ಲ ಮೇಡಂ? ಹೇಳಿ, ಇವರ ಎದುರಿಗೇ ಹೇಳಿ!"

"ಬಂದಿದ್ರೂ ಅದನ್ನ ತಡೆಯೋ ಔಷಧಿ ಇಲ್ಲಮ್ಮ. ನೀವು ಬಸುರಿ ಆಗೋಕೆ ಮುಂಚೆ ಲಸಿಕೆ ಹಾಕಿಸಿದ್ರೆ ಅಷ್ಟೇ."

ಜಗಳ ಆಡಲಿಕ್ಕೂ ಒಬ್ಬರು ಉಳಿಯಲಿಲ್ಲ ನನಗೆ. ಅತ್ತೆಯನ್ನು ಬೈದು, ಹೊಡೆದು, ಕೂದಲು ಹಿಡಿದು ಎಳೆದಾಡಿದ್ದರೆ ಆ ಸಂಕಟ ಸ್ವಲ್ಪ ಇಳಿಯುತ್ತಿತ್ತೇನೋ. ಕಿವಿಗೆ ಮಷಿನ್ ಹಾಕಿ ನೋಡೋಣ, ತಿಂಗಳು ಬಿಟ್ಟು ಬನ್ನಿ, ಆದರೆ ಬಹಳ ಆಸೆ ಇಟ್ಟುಕೊಳ್ಳಬೇಡಿ ಅಂತ ಹೇಳಿ ಕಳಿಸಿದರು.

ವಾಪಸು ಬರುವಾಗ ಬಸ್ಸು ಸಿಲ್ಕ್ ಬೋರ್ಡ್ ಹತ್ತಿರ ನಿಂತದ್ದು ನಿಂತೇಬಿಟ್ಟಿತು. ಸುತ್ತ ಹಾರ್ನುಗಳ ಗದ್ದಲ. ನಿದ್ದೆ ತಿಳಿದೆದ್ದ ಮಗಳು ನನ್ನ ತೊಡೆಯ ಮೇಲೆ ನಿಂತು ಕಿಟಕಿಯ ಸರಳು ಹಿಡಿದು ಹೊರಗೆ ನೋಡುತ್ತಿದ್ದಳು. ಪಕ್ಕದಲ್ಲಿ ನಿಂತಿದ್ದ ಹೆಂಗಸೊಬ್ಬಳು ಅವಳ ಕೆನ್ನೆ ಸವರಿ, ಏನು ಚಿನ್ನ, ಎಲ್ಲಿಗೆ ಹೋಗಿದ್ದೆ ಅಂತ ಮಾತಾಡಿಸಿದಳು. ಅತ್ತೆ ಅವಳ ಸೆರಗು ಜಗ್ಗಿ, ಕಿವಿಯ ಹತ್ತಿರ ಬಾಯಿಟ್ಟು ಪಿಸುಗುಟ್ಟಿದರು, "ಕೂಸಿಗೆ ಕಿವಿ ಕೇಳಂಗಿಲ್ರಿ ಯವ್ವಾ."

ಆ ಹೆಂಗಸೂ ದನಿ ತಗ್ಗಿಸಿ "ಅಯ್ಯೋ ಪಾಪ" ಅಂದಳು.

ನನಗೆ ಎಲ್ಲಿತ್ತೋ ಸಿಟ್ಟು. "ಯಾಕ ಅತ್ತಿ ಪಿಸಿಪಿಸಿ? ಯಾರು ಕೇಳ್ತಾರ ಅಂತ? ಜೋರಾಗೇ ಹೇಳ್ರಿ! ಒದರಿ ಹೇಳ್ರಿ!" ಅಂತ ಅರಚಿದೆ. ಅತ್ತೆ ಬಾಯಿಗೆ ಸೆರಗು ತುರುಕಿಕೊಂಡು ಅಳತೊಡಗಿದರು. ನನಗೆ ತಡೆಯಲಾಗಲಿಲ್ಲ. ಇದ್ದಬದ್ದ ಉಸಿರನ್ನೆಲ್ಲ ಕೂಡಿಸಿ ಮಗಳ ಹೆಸರು ಹಿಡಿದು ಕೂಗಿದೆ.

ಬಸ್ಸಿಗೆ ಬಸ್ಸೇ ತಿರುಗಿ ನೋಡಿತು. ಕಂಡಕ್ಟರ್ ಟಿಕೆಟ್ ಹರಿಯುವುದನ್ನು ನಿಲ್ಲಿಸಿದ. ಹಿಂದಿನ ಸೀಟಿನ ಹಸುಗೂಸೊಂದು ಬೆಚ್ಚಿ ಅಳಲಾರಂಭಿಸಿತು. ನನ್ನ ಮಗಳೊಬ್ಬಳು ಮಾತ್ರ ಸರಳಿಗೆ ಹಣೆ ಒತ್ತಿಕೊಂಡು ಹೊರಗೇ ನೋಡುತ್ತಿದ್ದಳು.