ತುತ್ತಿಗೊಂದು ಗುಟುಕು

ಮೊನ್ನೆ ಸೊಸೆ ಹೊಸ ಮಣ್ಣಿನ ಗಡಿಗೆ ತಂದು, ಸೋಸಿದ ನೀರು ತುಂಬಿ, ಅದರೊಳಗೆ ಒಂದು ಹಿಡಿ ಲಾವಂಚದ ಬೇರು ಬಿಟ್ಟಳು. ಮಧ್ಯಾಹ್ನದ ಹೊತ್ತಿಗೆ ಅಡುಗೆಮನೆಯ ತುಂಬ ಅದರದೇ ವಾಸನೆ... ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟು ಸುಮ್ಮನೆ ಕೂತುಬಿಟ್ಟೆ. "ಯಾಕ್ರಿ ಅತ್ತಿ, ತಲಿ ನೋಯಾಕತ್ತೈತೇನ್ರಿ?" ಎಂದು ಸೊಸೆ ಕೇಳಿದಳು. ತಲೆನೋವು ಎಲ್ಲಿಯದು! ನಾನಾಗಲೇ ಜಮಖಂಡಿಯಲ್ಲಿ, ಕಾಕಾನ ಮನೆಯ ಪಡಸಾಲೆಯಲ್ಲಿ, ಹಸಿರು ಬಳೆ ತೊಟ್ಟ ಮದುಮಗಳಾಗಿ ಕೂತಿದ್ದೆ.

ಕಾಕಾ ಎಂದರೆ ನನ್ನ ಅಪ್ಪನ ಒಬ್ಬನೇ ತಮ್ಮ. ಅಪ್ಪನದು ಬನಹಟ್ಟಿಯಲ್ಲಿ ನೂಲಿನ ವ್ಯಾಪಾರ. ಕಾಕಾನಿಗೋ ಅಂಗಡಿಯಲ್ಲಿ ಕೂರುವುದೆಂದರೆ ಮೈಮೇಲೆ ಇರುವೆ ಬಿಟ್ಟ ಹಾಗೆ. ಸಂಸ್ಥಾನದ ದಿನಗಳವು. ಜಮಖಂಡಿಗೆ ಬರುವ ಸಾಹೇಬರು ಇಳಿದುಕೊಳ್ಳುವ ಬಂಗಲೆಯಲ್ಲಿ ಉಗ್ರಾಣ ನೋಡಿಕೊಳ್ಳುವ ಕೆಲಸ ಸಿಕ್ಕಿತೆಂದು ಅವನು ಹೊರಟೇಹೋದ. ಆ ಉಗ್ರಾಣದಲ್ಲಿ ಅಕ್ಕಿ, ಸಕ್ಕರೆಯ ಜೊತೆಗೆ ವೈನಿನ ಬಾಟಲಿಗಳ ಕಪಾಟೂ ಇತ್ತು. ನಾವು ಜೈನರು. ಸೋಸದೆ ನೀರು ಕುಡಿಯದ, ಹೊತ್ತು ಮುಳುಗಿದ ಮೇಲೆ ಒಂದು ತುತ್ತೂ ಮುಟ್ಟದ ಮನೆತನ. ಅಂಥ ಮನೆಯ ಮಗ ಹೆಂಡದ ಕಪಾಟಿನ ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡ ಅಂದ ಮೇಲೆ ಅಪ್ಪ ಅವನನ್ನು ತನ್ನ ಪಂಕ್ತಿಯಿಂದ ದೂರ ಮಾಡಿದ. ಬಂದರೆ ಮಾತಾಡಿಸುತ್ತಿದ್ದ, ಆದರೆ ಜೊತೆಗೆ ಕೂತು ಉಣ್ಣುತ್ತಿರಲಿಲ್ಲ. ಅವನ ಮನೆಯ ಹೊಸ್ತಿಲನ್ನಂತೂ ತುಳಿದವನೇ ಅಲ್ಲ.

ನಿಜ ಹೇಳಬೇಕೆಂದರೆ ಕಾಕಾ ಒಂದು ಹನಿಯನ್ನೂ ನಾಲಿಗೆಗೆ ಸೋಕಿಸಿದವನಲ್ಲ. ಆದರೆ ಯಾವ ಊಟಕ್ಕೆ ಯಾವ ವೈನು ಎಂಬುದು ಅವನಿಗೆ ಮಗ್ಗಿಯಂತೆ ಬಾಯಿಪಾಠ. ಮೀನಿಗೆ ಬಿಳಿಯದು, ಮಾಂಸಕ್ಕೆ ಕೆಂಪು, ಕಡೆಗೆ ಸಿಹಿತಿಂಡಿ ಬಂದಾಗ ಸಿಹಿಯದೇ. ದೀಪಾವಳಿಗೆ ಬಂದಾಗ ನಮ್ಮನ್ನೆಲ್ಲ ಸುತ್ತ ಕೂರಿಸಿಕೊಂಡು ಇದನ್ನೇ ಹೇಳುತ್ತಿದ್ದ. "ಹಬ್ಬದ ದಿನಾ ಅದರ ಹೆಸರ ತಗೀಬ್ಯಾಡೋ ಮಾರಾಯಾ" ಎಂದು ಅವ್ವ ಒಳಗಿನಿಂದ ಗದರುತ್ತಿದ್ದಳು.

ಕಾಕಾ ನಗುತ್ತಿದ್ದ. "ಇದೇನ ಹೊಸಾದಲ್ರೀ ಅತ್ತಿಗಿ. ಬ್ಯಾಳಿ ಕೂಡ ಮಜ್ಜಗಿ ಉಣಬಾರದಂತ ನಮ್ಮ ಹಿರ್ಯಾರೂ ಹೇಳ್ಯಾರಲ್ರಿ? ಯಾವುದರ ಕೂಡ ಯಾವುದು ಅನ್ನೂದು ಸಾಹೇಬಗೂ ಐತಿ, ನಮಗೂ ಐತಿ."

ಅದು ಖರೆಯೇ. ಬೇಳೆ, ಮಜ್ಜಿಗೆ ಎರಡೂ ಒಂದೇ ಬಾಯಲ್ಲಿ ಕೂಡಬಾರದು ಎಂಬುದು ನಮ್ಮ ಮನೆಯಲ್ಲಿ ಬಹಳ ಕಟ್ಟುನಿಟ್ಟು. ಆದರೆ ಆ ಮಾತನ್ನು ಅಪ್ಪ ಎಂದೂ ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ.

ನನ್ನ ಲಗ್ನ ಗೊತ್ತಾಯಿತು. ಲಗ್ನಕ್ಕೆ ಮುಂಚೆ ಹತ್ತಿರದವರು ಮದುಮಗಳನ್ನು ಮನೆಮಂದಿ ಸಮೇತ ಊಟಕ್ಕೆ ಕರೆಯುವುದು ರೂಢಿ. ಕಾಕಾನೂ ಕರೆಯಲು ಬಂದ. ಅಪ್ಪ ಗೋಡೆ ನೋಡುತ್ತ ಕೂತ. ಕಾಕಾ ಬಾಗಿಲಲ್ಲೇ ನಿಂತು, "ಅಣ್ಣಾ, ನೀ ನನ್ನ ಮನ್ಯಾಗ ಉಣಲಿಲ್ಲಂದ್ರ ನಾ ಯಾವ ಮಾರಿ ಇಟಗೊಂಡು ಲಗ್ನದಾಗ ನಿಂದರ್ಲಿ? ದೂರಿಂದನ ಅಕ್ಕಿಕಾಳ ಹಾಕಿ ಹೋಗ್ತೇನಿ" ಎಂದ.

ಕಾಕಾ ದೂರ ನಿಲ್ಲುವ ಲಗ್ನ ನನಗೆ ಬೇಡವಾಗಿತ್ತು. ಮುಖ ಊದಿಸಿಕೊಂಡು ಓಡಾಡಿದೆ, ಪಾತ್ರೆಗಳನ್ನು ಬೇಕೆಂದೇ ಸಪ್ಪಳ ಮಾಡಿ ಇಟ್ಟೆ. ಕೊನೆಗೆ ಅಪ್ಪ, "ಬರ್ತೇನಿ. ಉಣ್ಣೂದು ಬಿಡೂದು ಅಲ್ಲೇ ನೋಡೂಣು" ಎಂದ. ವ್ಯಾಪಾರಿಯ ಮಾತು, ಯಾವ ಕಡೆಗೂ ಹೊರಳಬಹುದು.

ಚಕ್ಕಡಿಯಲ್ಲಿ ಹೋದೆವು. ಬಿಸಿಲು ಇಳಿಮುಖವಾಗಿತ್ತು. ಕಾಕಾನ ಪಡಸಾಲೆಯಲ್ಲಿ ಹೊಸ ಹಿತ್ತಾಳೆ ಲೋಟಗಳು, ಹೊಸದಾಗಿ ಕಲಾಯಿ ಹಾಕಿಸಿದವು. ಬಂಗಲೆಯ ಪಾತ್ರೆಯೆಂಬ ಸಂಶಯ ಅಣ್ಣನಿಗೆ ಬರಬಾರದಲ್ಲ! ಕೂತ ಕೂಡಲೇ ಎಲ್ಲರಿಗೂ ಲಾವಂಚದ ತಣ್ಣೀರು ಬಂತು. ಅಪ್ಪ ತನ್ನ ಲೋಟವನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ.

ಆ ದಿನ ಬಂಗಲೆಯ ಊಟದ ಕ್ರಮವನ್ನೇ ನಮಗೂ ಮಾಡಿ ತೋರಿಸಬೇಕೆಂದು ಕಾಕಾ ಹಟ ತೊಟ್ಟಿದ್ದ. ಎಲ್ಲವನ್ನೂ ಒಮ್ಮೆಗೇ ನೀಡುವುದಿಲ್ಲ. ಒಂದು ಬಗೆ ಬರಬೇಕು, ಅದಕ್ಕೆ ಹೊಂದುವ ಗುಟುಕು ಬರಬೇಕು, ಅದು ಮುಗಿದು ತಾಟು ಲೋಟ ತೊಳೆದು ತಂದ ಮೇಲೆ ಮುಂದಿನದು. ಮೊದಲು ಜೋಳದ ರೊಟ್ಟಿ, ಹೀರೇಕಾಯಿ ಪಲ್ಯ, ಖಾರ ಖಾರ ಅಗಸಿ ಚಟ್ನಿ. ಅದಕ್ಕೆ ಜೀರಿಗೆ ಹಾಕಿದ ಮಜ್ಜಿಗೆ. ನಾವು ಉಂಡೆವು. ಅಪ್ಪ ಮಾತ್ರ ರೊಟ್ಟಿಯನ್ನು ಮುರಿದು ಮುರಿದು ತಾಟಿನಲ್ಲೇ ಗುಡ್ಡೆ ಹಾಕಿದ. ಬಡಿಸುತ್ತಿದ್ದ ಕಾಕಾನ ಕಣ್ಣು ಮತ್ತೆ ಮತ್ತೆ ಆ ಗುಡ್ಡೆಯ ಕಡೆಗೇ ಹೋಗುತ್ತಿತ್ತು.

ಆಮೇಲೆ ಅವನು ಎಲ್ಲರ ಮುಂದಿನ ಮಜ್ಜಿಗೆ ಎತ್ತಿದ. ಬಾಯಿ ಮುಕ್ಕಳಿಸಲು ನೀರು ಕೊಟ್ಟ. ಅಪ್ಪ ಆ ಮನೆಗೆ ಬಂದ ಮೇಲೆ ಮೊದಲ ಸಲ ಬಾಯಿ ಬಿಟ್ಟ.

"ಮಜ್ಜಗಿ ಯಾಕ ಒಯ್ದಿ?"

"ಮುಂದ ಭಜಿ ಬರತೈತಿ, ಅಣ್ಣಾ. ಕಡ್ಲಿಬ್ಯಾಳಿ ಹಿಟ್ಟಿಂದು."

"ಇನ್ನೂ ನೆನಪೈತೇನು?"

"ನಮ್ಮವ್ವ ಕಲಿಸಿದ್ದು ಹ್ಯಾಂಗ ಮರೀತೈತಿ?"

ಬಿಸಿ ಭಜಿ ಬಂದಾಗ ಅಪ್ಪ ಒಂದನ್ನು ಎತ್ತಿ ಬಾಯಿಗೆ ಹಾಕಿಕೊಂಡ. ಅದಕ್ಕೆಂದು ಬಂದ ಲಿಂಬಿಹಣ್ಣಿನ ಪಾನಕವನ್ನೂ ಕುಡಿದ. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, ಭಜಿಯ ಖಾರ ಎಂದು ಸುಳ್ಳು ಹೇಳಿದಳು.

ಕಾಕಾನಿಗೆ ಹುರುಪು ಬಂತು. ಹುರುಪು ಬಂದದ್ದೇ ಯಡವಟ್ಟಾಯಿತು. ಬಂಗಲೆಯಲ್ಲಿ ಸಾಹೇಬರು ದೀಪ ಹಚ್ಚಿಕೊಂಡು, ಹರಟುತ್ತ, ಎಷ್ಟು ಹೊತ್ತಾದರೂ ಉಣ್ಣುತ್ತಿದ್ದರು. ಅದೇ ನಿಧಾನ ಇವನಿಗೂ ಅಂಟಿತ್ತು. ತಾಟು ತೊಳೆ, ಒರೆಸು, ಅನ್ನ, ಕಟ್ಟಿನ ಸಾರು, ಅದಕ್ಕೊಂದು ಬೇರೆ ಪಾನಕ... ಬಿಸಿಲು ಅಂಗಳದಿಂದ ಗೋಡೆ ಹತ್ತಿ, ಗೋಡೆಯ ತುದಿ ಮುಟ್ಟಿದ್ದನ್ನು ಅವನು ನೋಡಲೇ ಇಲ್ಲ. ಒಳಗಿನಿಂದ ಕಾಕಾನ ಹೆಂಡತಿ, ನಮ್ಮ ಕಾಕು, ಕೂಗಿದಳು: "ಹೊತ್ತ ನೋಡ್ರೀ! ಹೋಳಿಗಿ ಇನ್ನೂ ಬುಟ್ಟ್ಯಾಗ ಐತಿ!"

ಕಾಕಾ ಹೋಳಿಗೆಯ ಬುಟ್ಟಿ ಹಿಡಿದುಕೊಂಡು ಓಡಿಬಂದವನು ಪಡಸಾಲೆಯ ನಡುವೆ ನಿಂತುಬಿಟ್ಟ. ಗೋಡೆಯ ಮೇಲೆ ಬೆರಳಗಲ ಬಿಸಿಲು ಉಳಿದಿತ್ತು. ಅಣ್ಣನ ಬಾಯಿಗೆ ಸಿಹಿ ಹಾಕದೆ ಕಳಿಸುವ ಹಾಗಾಯಿತಲ್ಲ ಎಂದು ಅವನ ಮುಖ ಬಾಡಿತು.

ಅಪ್ಪ ಒಮ್ಮೆ ಗೋಡೆ ನೋಡಿದ, ಒಮ್ಮೆ ತಮ್ಮನನ್ನು ನೋಡಿದ. "ನೀ ಉಂಡೀ ಏನು?"

"ನೀಡಾಂವ ಮೊದಲ ಹ್ಯಾಂಗ ಉಣಲಿ ಅಣ್ಣಾ?"

"ಹುಚ್ಚಪ್ಪ! ಹೊತ್ತ ಮುಳಗಿದ್ರ ನಾಳಿ ತನಕಾ ಉಪಾಸ ಬೀಳ್ತಿ. ಇನ್ನ ತಾಟ ತೊಳೀಕೋತ ಹೋಗಬ್ಯಾಡ. ಇಲ್ಲೇ ಕೂಡು, ನನ್ನ ತಾಟಿನ್ಯಾಗ."

ಕಾಕಾ ಕದಲಲಿಲ್ಲ. ಅಪ್ಪ ಅವನ ಕೈ ಹಿಡಿದು ಜಗ್ಗಿ ಕೂರಿಸಿದ. ಅವ್ವ ಕಾಕುವನ್ನು ಎಳೆದು ತನ್ನ ತಾಟಿಗೆ ಕೂರಿಸಿಕೊಂಡಳು. ಹೋಳಿಗೆಗೆಂದು ಏಲಕ್ಕಿ ಹಾಕಿ ಕುದಿಸಿದ್ದ ಹಾಲು ಒಲೆಯ ಮೇಲೆಯೇ ಉಳಿಯಿತು. ಅಣ್ಣತಮ್ಮಂದಿರು ಶಾಲೆಗೆ ಹೊತ್ತಾದ ಹುಡುಗರ ಹಾಗೆ ಗಡಬಡಿಸಿ ಹೋಳಿಗೆ ಹರಿದು ತಿಂದರು. ತಮ್ಮನಿಗೆ ತುತ್ತು ಗಂಟಲಲ್ಲಿ ಸಿಕ್ಕಿದಾಗ ಅಪ್ಪ, ಮೊದಲು ಪಕ್ಕಕ್ಕೆ ಸರಿಸಿದ್ದ ಆ ಲಾವಂಚದ ನೀರಿನ ಲೋಟ ಎತ್ತಿ ತಾನು ಅರ್ಧ ಕುಡಿದ, ಉಳಿದರ್ಧ ಅವನಿಗೆ ಕೊಟ್ಟ. ಕಾಕಾ ಕುಡಿದ. ಗೋಡೆಯ ಮೇಲಿನ ಬಿಸಿಲು ಹೋಯಿತು.

ಮರುದಿನ ಚಕ್ಕಡಿ ಹತ್ತುವಾಗ ಅಪ್ಪ, "ಅಡಿಗಿ ಛಲೋ ಇತ್ತು. ಇನ್ನ ಮ್ಯಾಲ ಹೋಳಿಗಿ ಮೊದಲ ನೀಡು" ಎಂದ. ನನ್ನ ಲಗ್ನದಲ್ಲಿ ಕಾಕಾ ಅಪ್ಪನ ಬಲಗಡೆಗೇ ನಿಂತಿದ್ದ. ನನಗೆ ಅಷ್ಟು ಸಂತೋಷವಾದ ದಿನ ಇನ್ನೊಂದಿಲ್ಲ, ಗಂಡನ ಮುಖ ನೋಡುವುದಕ್ಕೂ ಮೊದಲು ಆ ಕಡೆಗೇ ನೋಡಿದ್ದೆ.

ಮುಂದೆ ಸಂಸ್ಥಾನ ಹೋಯಿತು, ಬಂಗಲೆಗೆ ಬೀಗ ಬಿತ್ತು. ಕಾಕಾ ಜಮಖಂಡಿಯ ಪ್ಯಾಟಿಯಲ್ಲಿ ಶರಬತ್ತಿನ ಅಂಗಡಿ ಇಟ್ಟ. ಕುಡಿಯಲು ಬಂದವರಿಗೆಲ್ಲ, ಇದರ ಜೊತೆ ಇಂಥದ್ದು ತಿನ್ನಿರಿ ಎಂದು ಹೇಳದೆ ಬಿಡುತ್ತಿರಲಿಲ್ಲವಂತೆ. ಈಗ ಅಪ್ಪನೂ ಇಲ್ಲ, ಅವನೂ ಇಲ್ಲ... ಆ ಲೋಟಗಳು ಯಾರ ಮನೆ ಸೇರಿದವೋ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಮಾತ್ರ ಇಂದಿಗೂ ಹೋಳಿಗೆ ಮೊದಲು.

ಮೊನ್ನೆ ಸಂಜೆ ಸೊಸೆ ನಮಗೆಲ್ಲ ತಾಟು ಹಾಕಿದಳು. ಗಡಿಗೆಯಿಂದ ಒಂದು ಲೋಟ ಲಾವಂಚದ ನೀರು ಬಗ್ಗಿಸಿಕೊಂಡೆ. ಇದರ ಜೊತೆ ಏನು ಚೆನ್ನ ಎಂದು ಕೇಳೋಣವೆಂದರೆ ಹೇಳುವವನಿಲ್ಲ. ಕಿಟಕಿಯ ಸರಳುಗಳ ಮೇಲೆ ಇನ್ನೂ ಚೂರು ಬಿಸಿಲಿತ್ತು. ಸೊಸೆ ನೀಡುವ ಚಮಚ ಹಿಡಿದು ನಿಂತೇ ಇದ್ದಳು. ನಾನು ನನ್ನ ತಾಟನ್ನು ಅವಳ ಕಡೆ ಸರಿಸಿ, "ನೀನೂ ಕೂಡು ಬಾ ಯವ್ವಾ, ಹೊತ್ತ ಐತಿ ಇನ್ನೂ" ಎಂದೆ.