ಊದುಗೊಳವೆಯ ಉಸಿರು

ಆ ದಿನ ಹಂಡೆಗೆ ನೀರು ತುಂಬಿಸಿ, ಕುಚ್ಚಲಕ್ಕಿ ತೊಳೆದು ಒಲೆಗೇರಿಸಿ, ಅಂಗಳ ಗುಡಿಸಿ, ಬಂದರಿನಿಂದ ತರಿಸಿದ್ದ ಒಣ ಸಿಗಡಿ ಚೊಕ್ಕ ಮಾಡಿಟ್ಟು, ಮಗಳ ಲಂಗಕ್ಕೆ ಇಸ್ತ್ರಿ ಹಾಕಿದೆ. ಎಪ್ಪತ್ತರ ದಶಕದ ಕೊನೆಯ ಮಾತು. ಹದಿನೇಳರ ಮಗಳಿಗೆ ಅಂದು ಪೇಟೆಯ ಹಂಪನಕಟ್ಟೆಯಲ್ಲಿ ಟೈಪಿಂಗ್ ಪರೀಕ್ಷೆ, ಎರಡನೆಯ ಸಲ. ಮೊದಲ ಸಲ ಅಂಗೈ ಬೆವರಿ ಬೆರಳುಗಳು ಕೀಲಿಗಳ ಮೇಲೆ ಜಾರಿ ಫೇಲಾಗಿದ್ದಳು. "ಈ ಸಲವೂ ಹೋದ್ರೆ ಕ್ಲಾಸೇ ಬಿಡ್ತೇನೆ" ಎಂದಿದ್ದಳು.

ಬೆಳಿಗ್ಗೆ ಅವಳ ಕೈ ಮುಟ್ಟಿದರೆ ಮಂಜುಗಡ್ಡೆ, ಮೇಲಿಂದ ಒದ್ದೆ; ಕತ್ತಿನ ನರ ಓಡುತ್ತಿತ್ತು. ಪರೀಕ್ಷೆ ಇರುವುದು ಹಂಪನಕಟ್ಟೆಯಲ್ಲಿ, ಬೆವರುವುದು ನಮ್ಮ ಅಡುಗೆಮನೆಯಲ್ಲಿ. ಇದೆಂಥ ಶರೀರ ಎಂದು ನನಗೆ ಸೋಜಿಗ.

"ಯಾರದ್ದೋ ದೃಷ್ಟಿ ತಾಗಿದ್ದು" ಎಂದು ಅತ್ತೆ ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕಿದರು. ಕೈ ತಣ್ಣಗೇ ಇತ್ತು.

ಬಚ್ಚಲ ಒಲೆಯಲ್ಲಿ ತೆಂಗಿನ ಸಿಪ್ಪೆ ಹೊಗೆಯಾಡುತ್ತಿತ್ತು. ಅವಳ ಕೈಗೆ ಊದುಗೊಳವೆ ಕೊಟ್ಟೆ. ಪುಸ್ ಪುಸ್ ಎಂದು ಊದಿ ಮುಖಕ್ಕೆಲ್ಲ ಬೂದಿ ಹಾರಿಸಿಕೊಂಡಳು.

"ಹಾಗಲ್ಲ ಮಾರಾಯ್ತಿ. ನಿಧಾನಕ್ಕೆ, ಉದ್ದಕ್ಕೆ ಊದು."

ಊದಿದಳು. ಸಿಪ್ಪೆ ಕೆಂಪಾಗಿ ಹೊತ್ತಿಕೊಂಡಿತು. ಕೈ ಹಿಡಿದರೆ ಬೆಚ್ಚಗೆ. ಬೆಂಕಿಯ ಬಿಸಿಯೋ ಏನೋ ಎಂಬ ಸಂಶಯದಿಂದ ಕತ್ತಿನ ನರ ಮುಟ್ಟಿದೆ. ಮೊದಲು ಓಡುತ್ತಿದ್ದ ನಾಡಿ ಈಗ ನಡೆಯುತ್ತಿತ್ತು. ಆದರೂ ನೋಡೋಣವೆಂದು ಅಂಗಳಕ್ಕೆ ಕರೆದು, ಬರೀ ಗಾಳಿಗೆ ಊದು ಎಂದೆ.

"ಬೆಂಕಿ ಇಲ್ಲದೆ ಎಂತ ಊದುವುದು? ಹುಚ್ಚು ಉಂಟಾ ಅಮ್ಮಾ ನಿನಗೆ?" ಎನ್ನುತ್ತಲೇ ಊದಿದಳು. ಅಂಗೈ ಬಹುಮಟ್ಟಿಗೆ ಒಣಗಿತು.

ಹೊರಡುವಾಗ, "ಗೊಳವೆ ಬ್ಯಾಗಿಗೆ ಹಾಕ್ಲಾ? ಕಂಡಕ್ಟರ್ ಅದಕ್ಕೂ ಟಿಕೆಟ್ ಹರಿದಾನು" ಎಂದಳು.

"ಬಾಯಿ ಉಂಟಲ್ಲ, ಸಾಕು."

ಸಂಜೆ ಚಪ್ಪಲಿ ಬಿಡುವ ಮೊದಲೇ ಕೇಳಿದೆ, "ಕೈ ಎಂತಾಯ್ತು?"

"ಮಿಷನ್ ಎದುರು ಕೂತದ್ದೇ ಬೆವರಿತು. ಹಾಗೆಯೇ ಉದ್ದಕ್ಕೆ ಊದಿದೆ. ಪಕ್ಕದವಳ ಕಾಗದ ಹಾರಿ ಹೋಯ್ತು. ಅವಳು ನೋಡಿದ ನೋಟ ಉಂಟಲ್ಲ..."

"ಮತ್ತೆ?"

"ಕೈ ಸ್ವಲ್ಪ ಒದ್ದೆ ಇತ್ತು. ಆದ್ರೂ ಕೊನೆಯ ಸಾಲಿನವರೆಗೆ ಹೊಡೆದೆ. ಇದು ಹೋದ್ರೂ ಇನ್ನೊಮ್ಮೆ ಕೂರ್ತೇನೆ."

ರಾತ್ರಿಗೆ ಗಂಜಿ, ಒಣ ಸಿಗಡಿ ಚಟ್ನಿ, ಮಾವಿನ ಉಪ್ಪಿನಕಾಯಿ. ಮಗಳು ಗಂಜಿಯನ್ನು ಮತ್ತೊಮ್ಮೆ ಹಾಕಿಸಿಕೊಂಡಳು. "ಮೆಣಸು ಕೆಲಸ ಮಾಡಿತು ನೋಡು" ಎಂದರು ಅತ್ತೆ. ನಾನು ಅವರಿಗೂ ಒಂದು ಸೌಟು ಗಂಜಿ ಬಡಿಸಿದೆ. ವಾರದಿಂದ ಚಾಪೆಯ ಮೇಲೆ ಹೊರಳುತ್ತಿದ್ದವಳು ಅಂದು ಮನೆಯಲ್ಲಿ ಎಲ್ಲರಿಗಿಂತ ಮೊದಲು ನಿದ್ದೆಹೋದಳು.